ಮೈದಾನ ಮುಚ್ಚಿದ ಮಳೆಗಾಲ

ಶಾಲೆಯಲ್ಲಿ ಗುತ್ತಿಗೆಯ ಮೇಲೆ ವ್ಯಾಯಾಮದ ಟೀಚರಾಗಿದ್ದೆ. ಕಾಯಂ ನೇಮಕದ ಒಬ್ಬರು ಬಂದಾಗ ನನ್ನ ಕೆಲಸ ಮುಗಿಯಿತು. ಆಗ ಪಂಚಾಯತಿನ ಮೈದಾನ ಸಮಿತಿಯವರು, ಟೀಚರ್ ಸುಮ್ಮನೆ ಇರುವ ಬದಲು ಮೈದಾನ ನೋಡಿಕೊಳ್ಳಲಿ ಎಂದು ಅದರ ಬೀಗದ ಕೈ ನನಗೆ ಕೊಟ್ಟರು. ಪಯ್ಯಂಪಳ್ಳಿಯ ರಸ್ತೆಯಲ್ಲಿ, ಮೈದಾನದ ಬೇಲಿಗೆ ತಾಗಿದಂತಿರುವ ಕಟ್ಟಡದಲ್ಲಿ ಒಂದು ಕೋಣೆ ಹಿಡಿದೆ. ನಾನು ಮದುವೆಯಾಗಿಲ್ಲ. ನಮ್ಮ ಮನೆ ಬಾವಲಿಯ ಕಡೆ. ಅಲ್ಲಿ ತಮ್ಮ, ಅವನ ಹೆಂಡತಿ, ಮಕ್ಕಳು ಇದ್ದಾರೆ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ಮಲಯಾಳ, ಹಾಗೆ ಬೆಳೆದವಳು ನಾನು. ಮೈದಾನದ ಪಕ್ಕಕ್ಕೆ ಬಂದ ಮೇಲೆ ಹೊಸ್ತಿಲಿನ ಆಚೆಯದು ಮಾತ್ರ ಉಳಿಯಿತು.

ಮೈದಾನ ಮೊದಲು ಗದ್ದೆಯಾಗಿತ್ತು. ಯಾರೋ ದಾನ ಕೊಟ್ಟ ಗದ್ದೆಗೆ ಗುಡ್ಡದ ಕೆಂಪು ಮಣ್ಣು ತಂದು ಹರಡಿ, ಸಮ ಮಾಡಿ, ಎರಡು ಕಡೆ ಗೋಲುಕಂಬ ನೆಟ್ಟಿದ್ದರು. ಮೇಲೆ ಎಷ್ಟು ಮಣ್ಣು ಹಾಕಿದರೂ ಅಡಿಯಲ್ಲಿರುವುದು ಗದ್ದೆಯ ಜೇಡಿ. ಮಳೆ ಹಿಡಿದರೆ ಅದು ನೀರನ್ನು ಕೆಳಗೆ ಬಿಡುವುದಿಲ್ಲ. ಬೇಸಗೆಯಲ್ಲಿ ಆ ಮೈದಾನ ನೋಡಿದವರಿಗೆ ಇದು ತಿಳಿಯುವುದಿಲ್ಲ. ಸಂಜೆಯಾದರೆ ಹುಡುಗರು, ಹುಡುಗಿಯರು, ಕೆಲಸ ಮುಗಿಸಿ ಬಂದ ಜೀಪಿನ ಚಾಲಕರು, ಎಲ್ಲರೂ ಅಲ್ಲೇ. ಮಳೆಗಾಲದಲ್ಲಿ ಹುಲ್ಲಿನ ಮೇಲೆ ಹಿಮ್ಮಡಿ ಊರಿ ನಿಂತರೆ ಹಿಮ್ಮಡಿಯ ಸುತ್ತ ನೀರು ಮೇಲೇಳುತ್ತದೆ. ನೀರು ಎದ್ದರೆ ಆ ದಿನ ಆಟವಿಲ್ಲ. ಅಂಥ ನೆಲದ ಮೇಲೆ ಬೂಟು ಹಾಕಿ ಒಂದು ಪಂದ್ಯ ಆಡಿದರೆ ಹುಲ್ಲಿನ ಬೇರು ಕೆಸರಿನಲ್ಲಿ ಹೂತು ಕೊಳೆಯುತ್ತದೆ, ಮಣ್ಣು ಕಲ್ಲಿನಂತೆ ಬಿಗಿದುಕೊಳ್ಳುತ್ತದೆ, ಆಮೇಲೆ ಇಡೀ ವರ್ಷ ಬೋಳು.

ಆ ವರ್ಷ ಮಳೆ ಬೇಗ ಬಂತು, ಬಂದದ್ದು ಹೊರಡಲಿಲ್ಲ. ಮೊದಮೊದಲು ನಡುವೆ ಒಂದೊಂದು ಬಿಸಿಲಿತ್ತು. ಕರ್ಕಾಟಕ ಮಾಸ ಹುಟ್ಟಿದ ಮೇಲೆ ಅದೂ ಇಲ್ಲ. ನಾನು ಬೆಳಿಗ್ಗೆ ಎದ್ದು, ಕೊಡೆ ಹಿಡಿದು, ಮೈದಾನದ ಅಂಚಿನಲ್ಲೇ ಒಂದು ಸುತ್ತು ಹೋಗಿ, ಅಲ್ಲಲ್ಲಿ ಹಿಮ್ಮಡಿ ಊರಿ ನೋಡಿ, ಕೋಣೆಗೆ ಬಂದು ಕಾಲಿನ ಜಿಗಣೆ ಕಿತ್ತು, ಅಲ್ಲಿ ಆಡುವವರ ಕ್ಲಬ್ಬಿನ ವಾಟ್ಸಾಪ್ ಗುಂಪಿಗೆ ‘ಇಂದು ಮೈದಾನ ಮುಚ್ಚಿದೆ’ ಎಂದು ಹಾಕುತ್ತಿದ್ದೆ. ಆರಂಭದಲ್ಲಿ ಉತ್ತರಗಳು ಬರುತ್ತಿದ್ದವು. ಒಬ್ಬ ಅಳುವ ಮುಖ ಹಾಕುತ್ತಿದ್ದ. ಇನ್ನೊಬ್ಬ, ‘ಟೀಚರ್ ಅಲ್ಲಿ ಭತ್ತ ನಾಟಿ ಮಾಡಿಬಿಡಿ’ ಎಂದು ಬರೆದ. ಬೇರೆ ಊರುಗಳಲ್ಲಿ ಕೆಸರಿನಲ್ಲೇ ಫುಟ್‌ಬಾಲ್ ಆಡಿಸಿ ಬಹುಮಾನ ಕೊಡುತ್ತಾರೆ, ನಮ್ಮಲ್ಲಿ ಮಾತ್ರ ಕೆಸರಾದರೆ ಬೀಗ ಎಂದು ಒಬ್ಬರು ದೂರಿದರು. ಉತ್ತು ನಾಟಿಗೆ ಬಿಟ್ಟ ಗದ್ದೆಯಲ್ಲಿ ಹಾಗೆ ಆಡಬಹುದು, ವರ್ಷವಿಡೀ ಆಡುವ ಹುಲ್ಲಿನ ಮೇಲೆ ಆಗುವುದಿಲ್ಲ ಎಂದು ನಾನು ಉದ್ದವಾಗಿ ಬರೆದೆ. ಕ್ರಮೇಣ ಉತ್ತರಗಳೇ ನಿಂತವು. ನನ್ನ ಅದೇ ಒಂದು ಸಾಲು ದಿನಕ್ಕೊಂದರಂತೆ ಒಂದರ ಕೆಳಗೊಂದು ಇಳಿದುಕೊಂಡು ಹೋಗುತ್ತಿತ್ತು. ಪೇಟೆಯಲ್ಲಿ ಸಿಕ್ಕವರು ನಗುತ್ತಿದ್ದರು, ಆದರೆ ನಿಲ್ಲುತ್ತಿರಲಿಲ್ಲ.

ಕೆಲಸವಿರಲಿಲ್ಲವೆಂದಲ್ಲ. ಸುತ್ತಲ ಚರಂಡಿಗೆ ಗುಡ್ಡದ ಕಡೆಯಿಂದ ಹೂಳು ಬರುತ್ತಿತ್ತು; ಅದನ್ನು ಎತ್ತಿ ಹಾಕದಿದ್ದರೆ ನೀರು ಮೈದಾನಕ್ಕೇ ತಿರುಗುತ್ತದೆ. ಏಡಿಗಳು ಕೊರೆದ ತೂತು ಮುಚ್ಚಬೇಕು. ಗೋಲಿನ ಬಲೆ ಬಿಚ್ಚಿ ಒಣಗಿಸಬೇಕು, ಒಣಗುವುದಿಲ್ಲ, ಮತ್ತೆ ಬಿಚ್ಚಿ ಬೇರೆ ಕಡೆ ಹರಡಬೇಕು. ಇವೆಲ್ಲ ಒಬ್ಬರೇ ಮಾಡುವ ಕೆಲಸಗಳು. ಮಾಡುತ್ತ ಯಾರೊಡನೆಯೂ ಮಾತಾಡುವ ಸಂದರ್ಭ ಬರುವುದಿಲ್ಲ. ನಮ್ಮ ಜೈನ ಮನೆತನದ ರೂಢಿಯಂತೆ ನಾನು ಕತ್ತಲಾಗುವ ಮುಂಚೆ ಊಟ ಮುಗಿಸುತ್ತೇನೆ. ಮಳೆಗಾಲದಲ್ಲಿ ಕತ್ತಲು ಎಷ್ಟು ಹೊತ್ತಿಗೆ ಆಗುತ್ತದೆ ಎಂದೇ ತಿಳಿಯುವುದಿಲ್ಲ. ಹಾಗಾಗಿ ಮಧ್ಯಾಹ್ನ ಇಳಿಯುತ್ತಲೇ ಉಂಡು, ತಟ್ಟೆ ತೊಳೆದು, ಕಿಟಕಿಯ ಬಳಿ ಕೂತರೆ ಮುಂದೆ ಸಂಜೆ ಪೂರ್ತಿ ಖಾಲಿ. ಕಿಟಕಿಯ ಆಚೆ ಖಾಲಿ ಮೈದಾನ.

ಅಲ್ಲಿಗೆ ದಿನವೂ ಬರುತ್ತಿದ್ದ ಒಬ್ಬರೆಂದರೆ ಅಕ್ಕ.

ಅಕ್ಕ ಎಂದು ನಾನು ಕರೆಯುತ್ತಿದ್ದೆ. ಮಕ್ಕಳಿಗೆ ಆಕೆ ಕೋಚ್. ಶಾಲೆಯಲ್ಲಿ ಮಧ್ಯಾಹ್ನದ ಊಟ ಬೇಯಿಸುವ ಕೆಲಸ. ಬೆಳಿಗ್ಗೆಯಿಂದ ಹೊಗೆಯಲ್ಲಿ ನಿಂತು, ಅನ್ನದ ದೊಡ್ಡ ಪಾತ್ರೆಗಳನ್ನು ತೊಳೆದಿಟ್ಟು, ಸಂಜೆ ಹುಡುಗಿಯರ ಫುಟ್‌ಬಾಲ್ ತಂಡಕ್ಕೆ ಕಲಿಸುತ್ತಿದ್ದಳು. ಯಾರೂ ನೇಮಿಸಿದ್ದಲ್ಲ. ಅವಳ ತವರು ಗಡಿಯ ಕಾಡಂಚಿನಲ್ಲಿ ಬುಡಕಟ್ಟಿನವರ ಒಂದು ಹಾಡಿ. ಚಿಕ್ಕಂದಿನಲ್ಲಿ ಕೊಯ್ಲಾದ ಗದ್ದೆಯಲ್ಲಿ ಅಣ್ಣಂದಿರ ಜತೆ ಚಿಂದಿಯ ಚೆಂಡು ಒದ್ದು ಕಲಿತವಳು. ಮದುವೆಯಾಗಿ ಈ ಕಡೆ ಬಂದ ಮೇಲೂ ಆಟ ಬಿಡಲಿಲ್ಲ. ನನಗೂ ಅವಳಿಗೂ ಇದ್ದ ಮೊದಲ ನಂಟು ಎಂದರೆ ಮಾತು. ಆ ಸುತ್ತಿನಲ್ಲಿ ನಾವಿಬ್ಬರೇ ಕನ್ನಡದಲ್ಲಿ ಮಾತಾಡಿಕೊಳ್ಳುವವರು. ಅವಳ ಕನ್ನಡ ಅವಳದೇ ಆಗಿತ್ತು, ಅರ್ಧಕ್ಕರ್ಧ ಮಲಯಾಳ ಬೆರೆತದ್ದು. ನನ್ನದು ಮನೆಯ ದೊಡ್ಡವರಿಂದ ಬಂದದ್ದು, ಅವಳಿಗೆ ನಗು ಬರಿಸುತ್ತಿತ್ತು.

ದಿನವೂ ಅದೇ ಮಾತಿನಿಂದ ಶುರು.

“ಇವತ್ತಾದ್ರೂ ಗೇಟ್ ತೆಗೀತೀಯ?”

“ಇಲ್ಲ ಅಕ್ಕ. ನೀರು ನಿಂತಿದೆ.”

“ಮಳೆ ಬಂದ್ರೆ ನೀರು ನಿಲ್ಲದೆ ಮತ್ತೇನು ಹಾಲು ನಿಲ್ತದಾ. ಕುಟ್ಟಿಗಳ ಕಾಲು ತುಕ್ಕು ಹಿಡೀತದೆ. ಒಂದು ಮೂಲೆ ಕೊಡು ಸಾಕು.”

“ಒಂದು ಮೂಲೆ ಕೊಟ್ಟರೆ ಆ ಮೂಲೆ ಹೋಯಿತು. ಹುಲ್ಲು ಮತ್ತೆ ಬರಲ್ಲ.”

“ಹುಲ್ಲು ದನಕ್ಕೆ. ಮೈದಾನ ಕಾಲಿಗೆ.”

ನಾನು ಬೀಗ ತೆಗೆಯಲಿಲ್ಲ. ಹುಲ್ಲಿನ ವಿಷಯದಲ್ಲಿ ಅವಳು ಹೇಳುತ್ತಿದ್ದದ್ದು ತಪ್ಪು ಎಂದು ನನಗೆ ಗೊತ್ತಿತ್ತು. ಅವಳಿಗೂ ಗೊತ್ತಿತ್ತು. ಹಿಂದೊಮ್ಮೆ ಬೋಳು ನೆಲದಲ್ಲಿ ಬಿದ್ದು ಅವಳದೇ ಒಬ್ಬ ಹುಡುಗಿಯ ಮೊಣಕಾಲು ಬಿಚ್ಚಿಹೋಗಿತ್ತು. ಒಂದು ದಿನ ಮಾತಿನ ನಡುವೆ, ಮಳೆಗಾಲದಲ್ಲಿ ಹಸಿರು ತುಳಿಯಬಾರದು, ಅದರಡಿ ಸಣ್ಣ ಜೀವಗಳಿರುತ್ತವೆ ಎಂದು ಅಮ್ಮ ಹೇಳುತ್ತಿದ್ದಳು, ನಮ್ಮ ಮುನಿಗಳು ಕೂಡ ಈ ನಾಲ್ಕು ತಿಂಗಳು ಒಂದೇ ಊರಿನಲ್ಲಿ ನಿಲ್ಲುತ್ತಾರೆ ಎಂದೆ. ಅವಳು ಕೊಡೆಯ ನೀರು ಕೊಡವಿ, “ಓ, ಅದಕ್ಕಾ. ಮೈದಾನಕ್ಕೂ ವ್ರತ ಹಿಡಿಸಿದೀಯ,” ಎಂದಳು.

ಕೊನೆಗೆ ನಾವು ಒಂದು ಒಪ್ಪಂದಕ್ಕೆ ಬಂದೆವು. ಮೈದಾನದ ಬದಿಯಲ್ಲಿ ತಗಡಿನ ಮಾಡಿನ ಒಂದು ಸ್ಟೇಜ್ ಇದೆ. ಪಂದ್ಯದ ದಿನ ಅತಿಥಿಗಳು ಕೂರುವ ಸಿಮೆಂಟಿನ ಕಟ್ಟೆ. ಅಲ್ಲಿ ಹುಡುಗಿಯರು ಚೆಂಡನ್ನು ನೆಲಕ್ಕೆ ಬೀಳಿಸದೆ ಕಾಲಿನಲ್ಲಿ ಆಡಿಸುವ ಅಭ್ಯಾಸ ಮಾಡಲಿ ಎಂದೆ. ಅಕ್ಕ ಮೂಗು ಮುರಿದಳು. ಆದರೂ ಮಾರನೆಯ ದಿನ ಕರೆದುಕೊಂಡು ಬಂದಳು. ತಾನು ಮಾತ್ರ ಮೇಲೆ ಹತ್ತಲಿಲ್ಲ; ಕೆಳಗೆ ಮಳೆಯಲ್ಲಿ ಕೊಡೆ ಹಿಡಿದು ನಿಂತು ಕೂಗಿ ಹೇಳಿಕೊಡುತ್ತಿದ್ದಳು. ತಗಡಿನ ಮೇಲೆ ಮಳೆಯ ಸದ್ದು, ಕೆಳಗೆ ಚೆಂಡಿನ ಸದ್ದು, ನಡುವೆ ಅವಳ ಕೂಗು. ಆ ಕೆಲವು ಸಂಜೆಗಳಲ್ಲಿ ನಾನು ಕಿಟಕಿಯ ಬಳಿ ಕೂರಲಿಲ್ಲ. ಸ್ಟೇಜಿನ ಮೆಟ್ಟಿಲ ಮೇಲೆ ಕೂತು ನೋಡುತ್ತಿದ್ದೆ.

ಅಷ್ಟರಲ್ಲಿ ರೆಡ್ ಅಲರ್ಟ್ ಬಂತು. ಶಾಲೆಗಳಿಗೆ ರಜೆ ಕೊಟ್ಟರು. ಗುಡ್ಡದ ಕೆಳಗಿನ ಮನೆಗಳವರನ್ನು ಬೇರೆ ಕಡೆ ಕಳಿಸಿದರು. ಹುಡುಗಿಯರನ್ನು ಮನೆಯಿಂದ ಹೊರಗೆ ಬಿಡುವವರಿಲ್ಲ. ಆದರೂ ಅಕ್ಕ ಬಂದಳು. ಅವಳ ಮನೆಯಿಂದ ಇಲ್ಲಿಗೆ ಬರಬೇಕಾದರೆ ನೀರು ತುಂಬಿದ ಗದ್ದೆಯ ಬದುವಿನ ಮೇಲೆ ನಡೆಯಬೇಕು. ಸೀರೆ ಮೊಣಕಾಲಿನವರೆಗೆ ಎತ್ತಿ ಕಟ್ಟಿಕೊಂಡು, ಚಪ್ಪಲಿ ಕೈಯಲ್ಲಿ ಹಿಡಿದು ಬಂದು ಗೇಟಿನ ಹೊರಗೆ ನಿಂತಳು.

“ಇವತ್ತು ಯಾಕೆ ಬಂದೆ ಅಕ್ಕ? ಮಕ್ಕಳೇ ಇಲ್ಲ.”

“ಸುಮ್ನೆ. ಮನೇಲಿ ಕೂತು ಏನ್ ಮಾಡ್ಲಿ. ಗಂಡ ರೇಡಿಯೋ ಕೇಳ್ತಾ ಮಲಗ್ತಾನೆ. ನೀನೂ ಒಬ್ಳೇ ಕೂತಿರ್ತೀಯಲ್ಲ ಮೋಳೆ.”

ಮಗಳೇ ಎಂಬುದಕ್ಕೆ ಅವಳು ‘ಮೋಳೆ’ ಎನ್ನುತ್ತಿದ್ದಳು. ಕೋಣೆಗೆ ಕರೆದು ಕಟ್ಟಂಚಾಯ ಮಾಡಿ ಕೊಟ್ಟೆ. ಹಾಲಿಲ್ಲದ ಆ ಚಹಾವನ್ನು ಕುಡಿಯುತ್ತ ಅವಳು ನನ್ನ ಕಿಟಕಿಯಿಂದ ಮೈದಾನ ನೋಡಿದಳು. “ಇಲ್ಲಿಂದ ನೋಡಿದ್ರೆ ಚೆಂದ ಕಾಣ್ತದೆ ನಿನ್ನ ಹುಲ್ಲು,” ಎಂದಳು. ಅವಳ ಪಾದದ ಬದಿಯಲ್ಲಿ ಒಂದು ಗೀರು ಇತ್ತು, ಬೇಲಿಯ ತಂತಿ ತಾಗಿದ್ದು. ಬಿಸಿನೀರು ಕೊಡುತ್ತೇನೆ, ತೊಳೆದುಕೋ ಎಂದೆ. “ಸಾರಮಿಲ್ಲ, ಪರವಾಗಿಲ್ಲ,” ಎಂದು ಎರಡು ಭಾಷೆಯಲ್ಲೂ ಹೇಳಿ ಹೊರಟಳು. ಹಾಗೆ ಎಷ್ಟೋ ದಿನ ಬಂದಳು. ಮಾತಾಡಲು ದೊಡ್ಡ ವಿಷಯ ಏನೂ ಇರುತ್ತಿರಲಿಲ್ಲ. ಶಾಲೆಯ ಅಕ್ಕಿಗೆ ಹುಳ ಬಿದ್ದದ್ದು, ತಂಡದ ನಾಯಕಿ ಎಡಗಾಲಿನಲ್ಲಿ ಒದೆಯಲು ಹೆದರುವುದು, ಇಂಥವೇ.

ಆಮೇಲೆ ಎರಡು ಮೂರು ದಿನ ಅವಳು ಬರಲಿಲ್ಲ. ಬದುವಿನ ದಾರಿ ಮುಳುಗಿರಬೇಕು ಎಂದುಕೊಂಡೆ. ಫೋನು ಮಾಡಿದಾಗ ಅವಳ ಗಂಡ ಎತ್ತಿ, ಜ್ವರ, ಮಾನಂದವಾಡಿಯ ಆಸ್ಪತ್ರೆಯಲ್ಲಿ ಇದ್ದಾಳೆ ಎಂದ. ಇಲಿಜ್ವರ. ಕೊಚ್ಚೆ ನೀರಿನಲ್ಲಿ ನಡೆದವರಿಗೆ ಮಳೆಗಾಲದಲ್ಲಿ ಬರುವಂಥದ್ದು. ಆ ಮಧ್ಯಾಹ್ನವೇ ಬಸ್ಸು ಹತ್ತಿ ಹೋದೆ. ಒಳಗೆ ಬಿಡಲಿಲ್ಲ. ಗಾಜಿನ ಆಚೆಯಿಂದ ಕಂಡಳು. ಕಣ್ಣು ಮುಚ್ಚಿತ್ತು, ಮುಖ ಅರಿಸಿನ ಹಚ್ಚಿದಂತೆ ಹಳದಿ. ಗಂಡ ಬೆಂಚಿನ ಮೇಲೆ ಕೂತಿದ್ದ. ಅವನ ಪಕ್ಕದಲ್ಲಿ ಸ್ವಲ್ಪ ಹೊತ್ತು ಕೂತು, ಕೊನೆಯ ಬಸ್ಸಿಗೆ ಮುಂಚೆ ಬಂದುಬಿಟ್ಟೆ.

ಸುದ್ದಿ ಬಂದದ್ದು ಮರುದಿನ ಬೆಳಿಗ್ಗೆ, ಕ್ಲಬ್ಬಿನ ಗುಂಪಿನಲ್ಲಿ. ನಾನು ಸುತ್ತು ಮುಗಿಸಿ ಬಂದು ದಿನದ ಸಾಲು ಬರೆಯಲು ಫೋನು ತೆಗೆದಿದ್ದೆ. ಅಲ್ಲಿ ಆಗಲೇ ಅವಳ ಫೋಟೋ ಇತ್ತು. ಅದರ ಕೆಳಗೆ ಕೈ ಮುಗಿದ ಚಿತ್ರಗಳು ಸಾಲಾಗಿ ಬಂದು ಬೀಳುತ್ತಿದ್ದವು. ನಾನು ಏನೂ ಬರೆಯದೆ ಫೋನು ಕೆಳಗಿಟ್ಟೆ.

ಒಂದು ಗಂಟೆಯೊಳಗೆ ಮೂವರು ಬಂದು ಗೇಟಿನ ಬಳಿ ನಿಂತರು: ತಂಡದ ನಾಯಕಿ, ಕ್ಲಬ್ಬಿನ ಇಬ್ಬರು ಗಂಡಸರು. ನಾಯಕಿಗೆ ಆಗ ಕಾಲೇಜಿನ ಮೊದಲ ವರ್ಷ. ಕಣ್ಣು ಊದಿತ್ತು, ಆದರೆ ಮಾತು ನೇರವಾಗಿತ್ತು. ಮಲಯಾಳದಲ್ಲಿ ಹೇಳಿದಳು:

“ಕೋಚನ್ನು ಮಧ್ಯಾಹ್ನ ಮನೆಗೆ ತರುತ್ತಾರೆ. ಅದಕ್ಕೆ ಮುಂಚೆ ಇಲ್ಲಿ ದರ್ಶನಕ್ಕೆ ಇಡಬೇಕು ಟೀಚರ್. ಅವರ ಮನೆ ಚಿಕ್ಕದು. ದಾರಿಯಲ್ಲಿ ನೀರಿದೆ. ಜನ ಹೋಗಲಾರರು.”

“ಸ್ಟೇಜಿನ ಮೇಲೆ ಇಡೋಣ,” ಎಂದೆ. “ಮಾಡು ಇದೆ. ಜನ ಬದಿಯಿಂದ ಬಂದು ಹೋಗಬಹುದು.”

ಗಂಡಸರಿಬ್ಬರೂ ತಲೆಯಾಡಿಸಿದರು. ನಾಯಕಿ ಮಾತ್ರ ಅಲ್ಲಾಡಲಿಲ್ಲ.

“ಅವರು ಸ್ಟೇಜಿನ ಮೇಲೆ ಯಾವತ್ತೂ ಹತ್ತಿದವರಲ್ಲ ಟೀಚರ್. ಮೈದಾನದ ಮಧ್ಯದಲ್ಲಿ ಇಡಬೇಕು. ನಾವೆಲ್ಲ ಹಾಗೇ ಅಂದುಕೊಂಡಿದ್ದೇವೆ.”

ಸಮಿತಿಯ ಅಧ್ಯಕ್ಷರಿಗೆ ಫೋನು ಮಾಡಿದೆ. ಅವರು, “ಮೈದಾನ ನಿಮ್ಮ ಕೈಯಲ್ಲಿದೆ. ನೀವೇ ನೋಡಿ ತೀರ್ಮಾನಿಸಿ,” ಎಂದರು. ಬಂದವರನ್ನು ಗೇಟಿನ ಬಳಿ ನಿಲ್ಲಿಸಿ ನಾನು ಒಳಗೆ ನಡೆದೆ. ಮಳೆಗಾಲ ಶುರುವಾದ ಮೇಲೆ ಮೈದಾನದ ನಡುವಿಗೆ ನಾನೂ ಹೋಗಿರಲಿಲ್ಲ. ಹುಲ್ಲು ಪಾದ ಮುಚ್ಚುವಷ್ಟು ಬೆಳೆದಿತ್ತು, ಎಲ್ಲೂ ಒಂದು ಬೋಳಿಲ್ಲ. ಅಂಥ ಹಸಿರು ಆ ಮೈದಾನದಲ್ಲಿ ಹಿಂದೆ ಎಂದೂ ಬಂದಿರಲಿಲ್ಲ. ಹಿಮ್ಮಡಿ ಊರಿದೆ. ನೀರು ಎದ್ದು ಚಪ್ಪಲಿಯ ಮೇಲೆ ಹರಿಯಿತು. ಏನಾಗುತ್ತದೆ ಎಂದು ನನಗೆ ಪೂರ್ತಿ ತಿಳಿದಿತ್ತು. ಅಲ್ಲಿ ನಿಂತು ಅತ್ತೆ. ಹುಲ್ಲಿಗಾಗಿ ಅತ್ತೆನೋ ಅಕ್ಕನಿಗಾಗಿಯೋ ಎಂದು ಬೇರೆ ಮಾಡಿ ಹೇಳಲು ಆಗ ಆಗುತ್ತಿರಲಿಲ್ಲ. ತಿರುಗಿ ಬಂದು ಬೀಗ ತೆಗೆದೆ. “ವಾಹನ ಒಳಗೆ ಬೇಡ,” ಎಂದಷ್ಟೇ ಹೇಳಿದೆ.

ಆಂಬುಲೆನ್ಸ್ ಗೇಟಿನ ಹೊರಗೇ ನಿಂತಿತು. ಅಲ್ಲಿಂದ ಹುಡುಗಿಯರೇ ಹೊತ್ತರು. ಜೆರ್ಸಿ ಹಾಕಿಕೊಂಡು ಬಂದಿದ್ದರು. ನಡುವೃತ್ತದ ಜಾಗದಲ್ಲಿ ಎರಡು ಬೆಂಚು ಜೋಡಿಸಿ, ಮೇಲೆ ನೀಲಿ ಟಾರ್ಪಾಲು ಕಟ್ಟಿದ್ದರು. ಜನ ಬಂದೇ ಬಂದರು. ಮೀನಂಗಡಿ ಎಂಬ ಊರಿನ ಕಡೆಯಿಂದ ಎದುರಾಳಿ ತಂಡದವರು ಬಸ್ಸಿನಲ್ಲಿ ಬಂದಿದ್ದರು. ಅವಳು ಬೇಯಿಸಿದ ಅನ್ನ ಉಂಡು ದೊಡ್ಡವರಾದವರು ಬಂದರು. ಅವರಲ್ಲಿ ಕೆಲವರು ತಮ್ಮ ಮಕ್ಕಳನ್ನು ಎತ್ತಿಕೊಂಡಿದ್ದರು. ಹಾಡಿಯ ಹೆಂಗಸರು ಒಟ್ಟಾಗಿ ಬಂದು ಒಟ್ಟಾಗಿ ನಿಂತರು. ಪಂಚಾಯತಿನವರು ಹೂಮಾಲೆ ಇಟ್ಟರು. ಮಳೆ ಒಂದು ಕ್ಷಣ ಬಿಡಲಿಲ್ಲ. ಕೊಡೆಗಳ ಅಡಿಯಲ್ಲಿ ಜನ, ಜನರ ಅಡಿಯಲ್ಲಿ ಹುಲ್ಲು ಎಂಬುದು ಮೊದಲ ಸ್ವಲ್ಪ ಹೊತ್ತು. ಆಮೇಲೆ ಕೆಂಪು ರಾಡಿ, ಆಮೇಲೆ ಅದರಡಿಯ ಗದ್ದೆಯ ಕಪ್ಪು ಜೇಡಿ. ಯಾರೋ ಜಾರಿ ಬಿದ್ದರು, ಪಕ್ಕದವರು ಎತ್ತಿದರು.

ನಾನು ಗೇಟಿನ ಬಳಿಯೇ ನಿಂತಿದ್ದೆ. ವಾಹನಗಳನ್ನು ತಡೆಯುವವರು ಬೇರೆ ಯಾರೂ ಇರಲಿಲ್ಲ. ಎಲ್ಲರೂ ಹೋಗುವ ಹೊತ್ತಿಗೆ ಕೊನೆಯವಳಾಗಿ ಹೋಗಿ ನೋಡಿದೆ. ತಲೆ ಬಾಚಿ, ಒಳ್ಳೆಯ ಸೀರೆ ಉಡಿಸಿದ್ದರು. ಕೊರಳಿನಲ್ಲಿ ಹುಡುಗಿಯರು ಹಾಕಿದ ಸೀಟಿ ಇತ್ತು. ಅವಳ ಗಂಡ ಕಾಲ ಬಳಿ ನಿಂತಿದ್ದವನು ನನ್ನನ್ನು ಕಂಡು, ಅವಳಿಂದ ಕಲಿತ ಕನ್ನಡದಲ್ಲಿ ಮೆಲ್ಲಗೆ ಹೇಳಿದ:

“ದಿನಾ ನಿನ್ನ ಬಯ್ಕೊಂಡೇ ಬರೋಳು. ಗೇಟ್ ತೆಗೀಲಿಲ್ಲ, ಗೇಟ್ ತೆಗೀಲಿಲ್ಲ ಅಂತ.”

ನಾನು ತಲೆ ತಗ್ಗಿಸಿದೆ.

“ಅಯ್ಯೋ, ಹಂಗಲ್ಲ,” ಎಂದ. “ಬಯ್ದ ದಿನ ಅವಳಿಗೆ ಊಟ ಚೆಂದ ಸೇರ್ತಿತ್ತು.”

ಅವಳನ್ನು ಮನೆಗೆ ಕೊಂಡೊಯ್ದರು. ಜನ ಹಿಂದೆಯೇ ಹೋದರು. ಟಾರ್ಪಾಲು ಬಿಚ್ಚಿದವರು ಬೆಂಚುಗಳನ್ನು ಅಲ್ಲೇ ಬಿಟ್ಟಿದ್ದರು. ಒಂದೊಂದಾಗಿ ಎಳೆದು ಸ್ಟೇಜಿಗೆ ತಂದೆ. ಆಮೇಲೆ ಗೇಟು ಹಾಕಿದೆ.

ಮಳೆ ಆಮೇಲೂ ಬಹಳ ದಿನ ಇತ್ತು. ಮೈದಾನದ ತುಂಬ ಹೆಜ್ಜೆಗಳು, ಒಂದೊಂದು ಹೆಜ್ಜೆಯಲ್ಲೂ ನೀರು. ಬೆಳಗಿನ ಸುತ್ತಿನಲ್ಲಿ ಹಿಮ್ಮಡಿ ಊರಿ ನೋಡುವ ಅಗತ್ಯವೂ ಉಳಿದಿರಲಿಲ್ಲ, ಆದರೂ ಹೋಗುತ್ತಿದ್ದೆ. ಗೇಟಿನ ಹೊರಗೆ ನಿಂತು ಕೇಳುವವರು ಇಲ್ಲ. ಒಂದು ಸಂಜೆ, ಇಡೀ ದಿನ ಬಾಯಿಂದ ಒಂದು ಕನ್ನಡದ ಮಾತು ಬಂದಿಲ್ಲವೆಂದು ಹೊಳೆದು ತಮ್ಮನಿಗೆ ಫೋನು ಮಾಡಿದೆ. ಅವನು ಪೇಟೆಗೆ ಹೋಗಿದ್ದ. ಅವನ ಮಗಳು ಎತ್ತಿದಳು. ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಅವಳು ಮಲಯಾಳದಲ್ಲಿ ಉತ್ತರ ಕೊಟ್ಟಳು. ಶಾಲೆಯ ಅಭ್ಯಾಸ, ಬೇಕೆಂದು ಮಾಡಿದ್ದಲ್ಲ. ಸ್ವಲ್ಪ ಹೊತ್ತಿಗೆ ನಾನೂ ಮಲಯಾಳಕ್ಕೆ ಇಳಿದೆ. ಫೋನು ಇಟ್ಟ ಮೇಲೆ ಕೋಣೆ ಮೊದಲಿಗಿಂತ ದೊಡ್ಡದಾಗಿ ಕಂಡಿತು. ಎರಡು ಲೋಟ ಕಟ್ಟಂಚಾಯ ಮಾಡುವ ರೂಢಿ ಹೋಗಲು ತಿಂಗಳೇ ಹಿಡಿಯಿತು.

ಮಳೆ ಹಿಂದೆ ಸರಿದ ಮೇಲೆ ಸಮಿತಿಯ ಸಭೆ ಕರೆದರು. ಮೈದಾನ ಈ ಸ್ಥಿತಿಗೆ ಬರಲು ಯಾರು ಒಪ್ಪಿಗೆ ಕೊಟ್ಟದ್ದು ಎಂದು ಒಬ್ಬರು ಕೇಳಿದರು. ಅವರೇ ಆ ದಿನ ಹೂಮಾಲೆ ಹಿಡಿದು ಮುಂದೆ ನಿಂತವರು. ಅಧ್ಯಕ್ಷರು ಕಿಟಕಿಯ ಕಡೆ ನೋಡುತ್ತಿದ್ದರು.

“ನಾನು ಕೊಟ್ಟೆ,” ಎಂದೆ.

“ಇಷ್ಟು ದಿನ ಮಕ್ಕಳಿಗೆ ಒಂದು ಮೂಲೆ ಬಿಡದವರು ಅವತ್ತು ಯಾಕೆ ಬಿಟ್ಟಿರಿ?”

“ಮಕ್ಕಳು ಮರುವಾರವೂ ಆಡಬಹುದಿತ್ತು,” ಎಂದೆ.

ಬೀಗದ ಕೈಯನ್ನು ಬೇರೆಯವರಿಗೆ ಕೊಡುವ ಮಾತು ಬಂತು. ಯಾರಿಗೆ ಎಂದು ಅಧ್ಯಕ್ಷರು ಕೇಳಿದಾಗ ಯಾರೂ ಕೈ ಎತ್ತಲಿಲ್ಲ. ಚಹಾ ಬಂತು, ಬೇರೆ ವಿಷಯ ಶುರುವಾಯಿತು. ಹಾಗೆ ಅದು ನನ್ನಲ್ಲೇ ಉಳಿಯಿತು.

ನೆಲ ಹದಕ್ಕೆ ಬಂದಾಗ ದುರಸ್ತಿಗೆ ಇಳಿದೆ. ಕೆಸರು ಒಣಗಿ ಇಟ್ಟಿಗೆಯಂತಾಗಿತ್ತು. ಹಲ್ಲಿನ ಗುದ್ದಲಿಯಿಂದ ಚುಚ್ಚಿ, ಅಲುಗಿಸಿ, ಗಾಳಿ ಆಡುವಂತೆ ತೂತು ಮಾಡುತ್ತ ಒಂದು ಗೋಲಿನಿಂದ ಇನ್ನೊಂದಕ್ಕೆ ಹೋಗಬೇಕು. ತೂತಿಗೆ ಮರಳು ಸುರಿಯಬೇಕು. ಬೇಲಿಯ ಅಂಚಿನಲ್ಲಿ ಉಳಿದಿದ್ದ ಹುಲ್ಲನ್ನು ಬೇರುಸಮೇತ ಕಿತ್ತು, ಗೇಣಿಗೊಂದರಂತೆ ನಡುವಿನಲ್ಲಿ ನೆಟ್ಟೆ. ಒಂದು ಭಾನುವಾರ ಹುಡುಗಿಯರು ಬಂದು ಮಧ್ಯಾಹ್ನದವರೆಗೆ ಜತೆಗೆ ನೆಟ್ಟರು. ಮುಂದಿನ ಭಾನುವಾರ ಅವರಿಗೆ ಬೇರೆ ಊರಿನಲ್ಲಿ ಪಂದ್ಯವಿತ್ತು. ಉಳಿದದ್ದನ್ನು ನಾನೇ ಮುಗಿಸಿದೆ. ಬಗ್ಗಿ ನೆಡುವಾಗ ಬೆನ್ನು ಎಷ್ಟು ನೋಯುತ್ತದೆ ಎಂದು ಹೇಳಿಕೊಳ್ಳಲು ಒಬ್ಬರಿದ್ದಿದ್ದರೆ ಅಷ್ಟು ನೋಯುತ್ತಿರಲಿಲ್ಲ ಎಂದು ಅನಿಸುತ್ತಿತ್ತು.

ಆಟ ಶುರುವಾಗುವಾಗ ಬೇರೆ ಮೈದಾನಗಳಲ್ಲಿ ಅರ್ಧ ಸೀಸನ್ ಮುಗಿದಿತ್ತು. ನಡುಭಾಗ ಇನ್ನೂ ತೇಪೆ ಹಾಕಿದ ಕಂಬಳಿಯಂತಿತ್ತು. ಬಂದ ತಂಡದವರು ಅದನ್ನು ನೋಡಿ ಗೊಣಗಿದರು. ಹೊಸ ಕೋಚ್ ಸಿಕ್ಕಿರಲಿಲ್ಲ. ನಾಯಕಿಯೇ ಆಡುತ್ತಲೂ ಇದ್ದಳು, ಕೂಗಿ ಹೇಳುತ್ತಲೂ ಇದ್ದಳು. ನಾನು ಬದಿಯಲ್ಲಿ ಒಂದು ಕುರ್ಚಿ ಹಾಕಿಕೊಂಡು ಕೂತಿದ್ದೆ.

ಪಂದ್ಯ ಶುರುವಾಗಿ ಸ್ವಲ್ಪ ಹೊತ್ತಿಗೆ ಅಕ್ಕನ ಗಂಡ ಬಂದ. ಇಸ್ತ್ರಿ ಮಾಡಿದ ಅಂಗಿ ಹಾಕಿದ್ದ. ಅಷ್ಟು ವರ್ಷ ಅವಳ ಆಟ ನೋಡಲು ಅವನು ಒಮ್ಮೆಯೂ ಬಂದವನಲ್ಲ. ಸ್ಟೇಜಿನಿಂದ ಇನ್ನೊಂದು ಕುರ್ಚಿ ತಂದು ಹಾಕಿದೆ.

“ನಮ್ಮೋರು ಯಾವ ಕಡೆ?” ಎಂದು ಕೇಳಿದ.

“ಹಳದಿ.”

“ಅದ್ಯಾಕೆ ಆ ಕುಟ್ಟಿ ಕೈಯಲ್ಲಿ ಹಿಡಿದ್ಲು? ಹಿಡೀಬಾರ್ದಲ್ಲ.”

“ಅವಳು ಗೋಲ್‌ಕೀಪರ್. ಅವಳು ಮಾತ್ರ ಹಿಡಿಯಬಹುದು.”

“ಓ,” ಎಂದ. “ನಮ್ಮೋಳು ಮನೇಲಿ ಇದೆಲ್ಲ ಹೇಳೋಳು. ನಾನು ಕಿವಿ ಕೊಡ್ತಿರ್ಲಿಲ್ಲ.”

ಒಂದೊಂದನ್ನೂ ಅವನು ಕೇಳಿದ, ನಾನು ಹೇಳಿದೆ. ಆಫ್‌ಸೈಡ್ ಎಂದರೇನು ಎಂದು ಕನ್ನಡದಲ್ಲಿ ಹೇಳಲು ಬಹಳ ಕಷ್ಟವಾಯಿತು. ಮೂರು ಸಲ ಹೇಳಿದರೂ ಅವನಿಗೆ ತಿಳಿಯಲಿಲ್ಲ, ಹೇಳುತ್ತ ಹೇಳುತ್ತ ನನಗೇ ಗೊಂದಲವಾಯಿತು. ಇಬ್ಬರೂ ನಕ್ಕೆವು. ಅರ್ಧ ಸಮಯದ ಸೀಟಿ ಊದಿದಾಗ ಅವನು ಆಟ ಮುಗಿಯಿತೆಂದು ಎದ್ದ. ಇನ್ನೂ ಅರ್ಧ ಇದೆ ಎಂದೆ. ಆಕಾಶ ನೋಡಿ, “ಹಸು ಕರೀಬೇಕು, ಅವಳಿದ್ದಿದ್ರೆ ಕೂರ್ತಿದ್ದೆ,” ಎಂದು ಹೇಳಿ ಗದ್ದೆಯ ಕಡೆ ಹೊರಟ.

ಎರಡನೆಯ ಅರ್ಧವನ್ನು ನಾನೊಬ್ಬಳೇ ನೋಡಿದೆ. ಎರಡೂ ಕಡೆ ಗೋಲು ಬೀಳಲಿಲ್ಲ.